ಡಸ್ಟ್‌ಬಿನ್ ಇಲ್ಲದ ಶಾಲೆ

ನವೆಂಬರ್ 17, ಸೋಮವಾರ

ಬೆಳಿಗ್ಗೆ ಮೊದಲು ಗುಂಡಿಯ ಹತ್ತಿರ, ಎಂದಿನಂತೆ. ಏಳನೇ ಕ್ಲಾಸಿನವರು ಮನೆಯಿಂದ ತಂದ ತರಕಾರಿ ಸಿಪ್ಪೆ ಹಾಕಿದರು. ಮೇಲೆ ಒಣ ಎಲೆ ಮುಚ್ಚಿಸಿದೆ. ಒಳಗೆ ಕೈ ಇಟ್ಟರೆ ಬಿಸಿ. ಗೊಬ್ಬರ ಚೆನ್ನಾಗಿ ಆಗುತ್ತಿದೆ. ನಾಲ್ಕು ವರ್ಷದ ಹಿಂದೆ ಮಕ್ಕಳ ಜೊತೆ ನಿಂತು ನಾನೇ ಅಗೆದ ಗುಂಡಿ ಇದು. ಆಗ ಸ್ಟಾಫ್ ರೂಮಿನವರೆಲ್ಲ ಮೂಗು ಮುಚ್ಚಿಕೊಂಡು ನಕ್ಕಿದ್ದರು.

ಅಸೆಂಬ್ಲಿಯಲ್ಲಿ ಪ್ರಿನ್ಸಿಪಾಲ್ ಘೋಷಣೆ — ಗ್ರೀನ್ ಸ್ಕೂಲ್ ಪ್ರಶಸ್ತಿಗೆ ನಮ್ಮ ಶಾಲೆಯ ಅರ್ಜಿ ಹೋಗಿದೆ. ಯೋಜನೆ ಯಾರದು? ಸ್ವಪ್ನಿಲ್ ಸರ್‌ದು! ಸ್ಟೀಲ್ ಡಬ್ಬಿ, ಹಳೇ ಹಾಳೆ ಹೊಲಿದು ಮಾಡಿದ ರಫ್ ಬುಕ್, ಗೊಬ್ಬರದ ಗುಂಡಿ... ಎಲ್ಲ ಅವನ ತಲೆಯಲ್ಲಿ ಹುಟ್ಟಿದ್ದಂತೆ. ಚಪ್ಪಾಳೆ. ನಾನೂ ತಟ್ಟಿದೆ.

ಅವನು ಕಂಪ್ಯೂಟರ್ ಮೇಷ್ಟ್ರು. ಫೋಟೋ ತೆಗೆಯುವ ದಿನ ಬಿಟ್ಟರೆ ಗುಂಡಿಯ ಕಡೆ ತಲೆ ಹಾಕಿದವನಲ್ಲ.

ನವೆಂಬರ್ 18

ಸ್ಟಾಫ್ ರೂಮಿನಲ್ಲಿ ಮನಸಾರೆ ಬೈದೆ. ಪುಣೆ ಪಕ್ಕದ ಚಿಂಚವಾಡದ ಈ ಶಾಲೆಯಲ್ಲಿ ಕನ್ನಡದವರು ನಾವಿಬ್ಬರೇ — ನಾನು, ಮತ್ತು ಕಸ ಗುಡಿಸುವ ಅವ್ವಮ್ಮ. ಮೂರು ವರ್ಷದಿಂದ ಇದೇ ನಮ್ಮ ಸುಖ. ಯಾರ ಎದುರಿಗೆ ಬೇಕಾದರೂ ಯಾರನ್ನು ಬೇಕಾದರೂ ಬೈಯಬಹುದು.

ಸ್ವಪ್ನಿಲ್ ಪಕ್ಕದ ಟೇಬಲ್ಲಿನಲ್ಲೇ ಚಹಾ ಕುಡಿಯುತ್ತಿದ್ದ. ಯಾವಾಗಲೂ ಅಲ್ಲೇ ಕೂರುತ್ತಾನೆ.

“ನೋಡವಾ ಅವ್ವಮ್ಮ, ಮಂಗ್ಯಾ ಹೆಂಗ ಕುಂತದ,” ಅಂದೆ, ಮುಖದಲ್ಲಿ ನಗು ಇಟ್ಟುಕೊಂಡು.

“ಖೋಡಿ, ದರಿದ್ರ ಅದ ರೀ ಮೇಡಮ್ಮ. ಹೆಣಾ ಎತ್ಲಿ ಇವಂದು,” ಎಂದು ಅವ್ವಮ್ಮ ಅವನ ಕಾಲ ಕೆಳಗೇ ಗುಡಿಸಿದಳು.

ಅವನು ಕಾಲು ಎತ್ತಿಕೊಟ್ಟ. ಥ್ಯಾಂಕ್ಯೂ ಬೇರೆ ಹೇಳಿದ! ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನವೆಂಬರ್ 25, ಮಂಗಳವಾರ

ಸ್ವಪ್ನಿಲ್ ಸಾಹೇಬರ ಹೊಸ ಐಡಿಯಾ — ಝೀರೋ ಬಿನ್ ಸ್ಕೂಲ್. ಡಸ್ಟ್‌ಬಿನ್ ಇದ್ದರೆ ತಾನೇ ಕಸ? ಎಲ್ಲ ಕ್ಲಾಸಿನಿಂದ ಎತ್ತಿಸಿಬಿಟ್ಟ. ಮಕ್ಕಳು ಕಸ ವಾಪಸ್ ಮನೆಗೆ ಒಯ್ಯಬೇಕಂತೆ. ಒಯ್ಯುತ್ತಾರೆಯೇ? ಚಾಕೊಲೇಟ್ ಕಾಗದ ಡೆಸ್ಕಿನೊಳಗೆ, ಚಿಪ್ಸ್ ಪಾಕೀಟು ಗೋಡೆಯಾಚೆ. ಟೀಚರುಗಳ ಬರ್ತ್‌ಡೇ ಪಾರ್ಟಿಯ ಪ್ಲಾಸ್ಟಿಕ್ ತಟ್ಟೆಗಳು ಎಲ್ಲಿಗೆ ಹೋಗಬೇಕು?

ಅವ್ವಮ್ಮ ಹೇಳಿದಳು, ಎಲ್ಲ ಚೀಲದಲ್ಲಿ ಕಟ್ಟಿ ಹಳೇ ಸ್ಪೋರ್ಟ್ಸ್ ರೂಮಿನಲ್ಲಿ ಒಟ್ಟಲು ಹೇಳಿದ್ದಾನಂತೆ. ಗೇಟಿನಲ್ಲಿ ಕಸದ ಗಾಡಿ ನಿಂತರೆ ಝೀರೋ ಹೇಗಾಗುತ್ತದೆ? ಪ್ರಶಸ್ತಿಯವರ ಇನ್‌ಸ್ಪೆಕ್ಷನ್ ಮುಗಿಯುವ ತನಕ ಬಾಗಿಲಿಗೆ ಬೀಗ.

ಆ ರೂಮಿನ ಇನ್ನೊಂದು ಕೀಲಿ ನನ್ನ ಕಪಾಟಿನಲ್ಲಿದೆ. ಬಾ ಮಗನೇ.

ಡಿಸೆಂಬರ್ 3, ಬುಧವಾರ

ನಾಳೆ ಇನ್‌ಸ್ಪೆಕ್ಷನ್. ಸ್ಟಾಫ್ ರೂಮಿನಲ್ಲಿ, ಅವನ ಎದುರಿಗೇ, ಪ್ಲ್ಯಾನ್ ಪಕ್ಕಾ ಮಾಡಿದೆ.

“ನಾ ಅವರನ್ನ ಸ್ಪೋರ್ಟ್ಸ್ ರೂಮಿಗೆ ಕರ್ಕೊಂಡು ಬರ್ತೀನಿ. ಕೀಲಿ ತಗೀತೀನಿ. ಚೀಲ ಮೈಮ್ಯಾಲೆ ಬೀಳ್ಬೇಕು ನೋಡು, ಆಗ ಗೊತ್ತಾಗ್ತದ ಇವಂಗ.”

“ಮಾರಿ ಎಲ್ಲಿ ಇಟ್ಕೋತಾನ್ರೀ,” ಅಂದಳು ಅವ್ವಮ್ಮ.

“ಇವನ ಅವ್ವ ಎಂಥಾಕಿ ಇರ್ಬೇಕು! ಕಳ್ಳತನ ಕಲಿಸಿ ಬೆಳಿಸ್ಯಾಳ.”

ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಡಿಸೆಂಬರ್ 4, ಗುರುವಾರ

ಬರೆಯಲೇಬೇಕು.

ಇನ್‌ಸ್ಪೆಕ್ಷನ್‌ಗೆ ಬಂದವರನ್ನು ನಾನೇ ಕರೆದುಕೊಂಡು ಹೋದೆ. ಕೀಲಿ ತಿರುಗಿಸಿದೆ. ರೂಮು ಖಾಲಿ! ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದಾರೆ. ಒಂದು ಕ್ಯಾರಂ ಬೋರ್ಡು ಗೋಡೆಗೆ ಒರಗಿದೆ, ಅಷ್ಟೇ.

ಬಂದ ಹೆಂಗಸು ಗೊಬ್ಬರ ನೋಡೋಣ ಅಂದರು. ನನ್ನ ಏಳನೇ ಕ್ಲಾಸಿನ ಸ್ಪಂದನಾ ಹುಮ್ಮಸ್ಸಿನಿಂದ ಸಲಿಕೆ ಹಾಕಿದಳು. ಮೇಲೆ ಒಣ ಎಲೆ. ಕೆಳಗೆ ಚಿಪ್ಸ್ ಪಾಕೀಟು. ಇನ್ನೂ ಕೆಳಗೆ ಹಾಲಿನ ಚೀಲ, ಪ್ಲಾಸ್ಟಿಕ್ ತಟ್ಟೆ, ಕೇಕಿನ ಡಬ್ಬಿ... ಅಗೆದಷ್ಟೂ ಬಂತು. ಹುಡುಗಿ ಅಳುತ್ತ ನನ್ನ ಮುಖ ನೋಡಿದಳು. ಆ ಹೆಂಗಸು ಫೈಲು ಮುಚ್ಚಿ ಕಾರು ಹತ್ತಿದರು. ಪ್ರಶಸ್ತಿ ಹೋಯಿತು, ಅವನದೂ ನನ್ನದೂ.

ಕಾರಿಡಾರಿನಲ್ಲಿ ಅವನು ನನ್ನ ಪಕ್ಕಕ್ಕೆ ಬಂದ. ಮೆಲ್ಲಗೆ ಹೇಳಿದ — ಕನ್ನಡದಲ್ಲಿ.

“ಖೋಡಿ ಅಂದ್ರ ಏನಂತ ನನಗ ಗೊತ್ತದ ರೀ ಮೇಡಮ್. ನಮ್ಮವ್ವ ಅಕ್ಕಲಕೋಟದ ಕನ್ನಡದಾಕಿ. ನನಗ ಏನರ ಅನ್ರಿ, ಕೇಳ್ಕೋತಿದ್ದೆ. ಆಕಿನ್ನ ಅಂದ್ರಿ.”

ಡಿಸೆಂಬರ್ 9, ಮಂಗಳವಾರ

ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ.

ಪ್ರಿನ್ಸಿಪಾಲ್ ಕರೆದು ಹೇಳಿದರು — ಗುಂಡಿ ಮುಚ್ಚುತ್ತೇವೆ. ಬರುವ ಸೋಮವಾರ ಮಣ್ಣಿನ ಲಾರಿ. ಮೇಲೆ ಸಿಮೆಂಟ್ ಬ್ಲಾಕ್ ಹಾಸಿ ಟೂ ವೀಲರ್ ಪಾರ್ಕಿಂಗ್. “ನಿಮ್ಮ ಗುಂಡಿಯಿಂದ ಶಾಲೆಯ ಮಾನ ಹೋಯಿತು.” ಸ್ವಪ್ನಿಲ್ ಹೇಳಿದಂತೆ ರಾತ್ರಿ ಚೀಲಗಳನ್ನು ಗುಂಡಿಗೆ ಹೊತ್ತು ಹಾಕಿದ ವಾಚ್‌ಮನ್ ನನಗೆ ಎಲ್ಲ ಹೇಳಿದ್ದಾನೆ. ಪ್ರಿನ್ಸಿಪಾಲರೆದುರು ಮಾತ್ರ ಬಾಯಿ ಬಿಡುವುದಿಲ್ಲ, ಕೆಲಸದ ಭಯ.

ಅವ್ವಮ್ಮ ಮೆತ್ತಗಾಗಿದ್ದಾಳೆ. “ಮೂರು ವರ್ಷ ಎದುರಿಗೇ ಬೈದೀವ್ರಿ ಮೇಡಮ್ಮ. ಕೇಳ್ಕೋತ ಕುಂತಿತ್ತಲ್ರಿ ಪಾಪ.”

ಪಾಪ ಅಂತೆ! ನನ್ನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸಿಕೊಳ್ಳಬೇಕಿತ್ತು. ಮಕ್ಕಳ ಗುಂಡಿಗೆ ವಿಷ ಹಾಕಿದ. ಇದಕ್ಕೆ ಕ್ಷಮೆ ಇಲ್ಲ. ಮನೆಯಲ್ಲಿ ಇವರು “ಬಿಟ್ಟಬಿಡು ಇನ್ನ” ಅಂದರು. ಅವರ ಮೇಲೂ ಹರಿಹಾಯ್ದೆ.

ಭಾನುವಾರ ಹೋಗುತ್ತೇನೆ. ಅಷ್ಟೂ ಪ್ಲಾಸ್ಟಿಕ್ ಹೊರಗೆ ತೆಗೆದು, ಕೊಳೆತ ಸಿಪ್ಪೆ ಸಮೇತ, ಅವನ ಎಸಿ ಕಂಪ್ಯೂಟರ್ ಲ್ಯಾಬಿನಲ್ಲಿ ಸುರಿಯುತ್ತೇನೆ. ಒಂದೊಂದು ಕೀಬೋರ್ಡಿನ ಮೇಲೂ. ಯೋಚಿಸಿದರೇ ಹಿತವಾಗುತ್ತದೆ.

ಡಿಸೆಂಬರ್ 14, ಭಾನುವಾರ. ಮಧ್ಯಾಹ್ನ

ಗೋಣಿಚೀಲ ಹಿಡಿದು ಹೋದೆ. ಗುಂಡಿಯಲ್ಲಿ ಆಗಲೇ ಒಬ್ಬ ನಿಂತಿದ್ದ. ಅವನೇ. ಪ್ಯಾಂಟು ಮಡಚಿಕೊಂಡು, ಬರಿಗೈಯಲ್ಲಿ ಪ್ಲಾಸ್ಟಿಕ್ ಆರಿಸುತ್ತಿದ್ದ. ಪಕ್ಕದಲ್ಲಿ ಎರಡು ಚೀಲ ತುಂಬಿದ್ದವು.

ಮೈಯೆಲ್ಲ ಉರಿಯಿತು. ಮೂರು ವರ್ಷ ಪಕ್ಕದಲ್ಲಿ ನಿಂತು ಬೈದದ್ದನ್ನೆಲ್ಲ ಮುಖಕ್ಕೇ ಬೈದೆ. ಕಳ್ಳ, ಮಂಗ್ಯಾ, ಖೋಡಿ. ಅವನ ಅವ್ವನ ಹೆಸರೊಂದನ್ನು ಮಾತ್ರ ಎತ್ತಲಿಲ್ಲ.

ಅವನು ಆರಿಸುತ್ತಲೇ ಇದ್ದ. ನಾನು ಉಸಿರಿಗೆ ನಿಂತಾಗ ಹೇಳಿದ: “ನಾಳೆ ಲಾರಿ ಬರಂಗಿಲ್ರಿ. ಪ್ಲಾಸ್ಟಿಕ್ ಹಾಕ್ಸಿದಾಂವ ನಾನಽ ಅಂತ ನಿನ್ನೆ ಪ್ರಿನ್ಸಿಪಾಲರ ಮುಂದ ಹೇಳೀನಿ. ಯೋಜನಾ ನಿಮ್ದು ಅಂತನೂ ಹೇಳೀನಿ. ಇನ್ ನನ್ನ ನೌಕರಿ ಏನಾಗ್ತದೋ ನೋಡ್ಬೇಕು.”

ಖುಷಿಯಾಗಬೇಕಿತ್ತು. ಆಗಲಿಲ್ಲ. ಅವನ ಮುಖವಾಡ ಕಳಚುವವಳು ನಾನಾಗಬೇಕಿತ್ತು. ಮೊದಲು ನನ್ನ ಕೆಲಸ ಕದ್ದ, ಈಗ ನನ್ನ ಸೇಡನ್ನೂ ಕದ್ದ.

“ಮೂರು ವರ್ಷ ಯಾಕ ಸುಮ್ಮ ಕುಂತು ಕೇಳಿದ್ರಿ? ಒಂದ್ ಮಾತು ಅನ್ನಾಕ ಏನಾಗಿತ್ತು?”

“ಅಂದಿದ್ರ ನೀವು ಮಾತಾಡೂದು ಬಿಡ್ತಿದ್ರಿ,” ಅಂದ. ತಲೆ ಎತ್ತಲಿಲ್ಲ. “ಅವ್ವ ಹೋದ ಮ್ಯಾಲೆ ಮನ್ಯಾಗ ಕನ್ನಡ ನಿಂತಽ ಹೋತ್ರಿ. ಅಪ್ಪಗ ಬರಂಗಿಲ್ಲ, ಹೆಂಡ್ತಿಗೆ ಬರಂಗಿಲ್ಲ. ನಿಮ್ಮ ಟೇಬಲ್ ಕಡೆ ಕುಂತ್ರ ಕಿವಿಗೆ ಬೀಳ್ತಿತ್ತು. ಆಕಿನೂ ಹಿಂಗಽ ಬೈತಿದ್ಲು.”

ಕರಗಬಾರದು. ಇವನು ಕಳ್ಳ. ಇಲ್ಲಿ ಬರೆದಿಡುತ್ತೇನೆ, ನಾಳೆ ಓದಿಕೊಳ್ಳಲು — ಕಳ್ಳ, ಕಳ್ಳ, ಕಳ್ಳ.

“ನಿಂತ್ರಿ ಯಾಕ?” ಅಂದ. “ಇನ್ನೊಂದೀಟು ಬೈರಿ.”

ಬಾಯಿ ತೆರೆದೆ. ಎಷ್ಟೊಂದು ಬೈಗುಳ ಬರುತ್ತಿದ್ದವು ನನಗೆ. ಒಂದೂ ಬಾಯಿಗೆ ಬರಲಿಲ್ಲ.