ಆನ್‌ಬೋರ್ಡ್ ಸಾಕಾಗಿತ್ತು

ಕಳಕ್ಕೂಟಂ, ತಿರುವನಂತಪುರ
೧೩ ನವೆಂಬರ್ ೨೦೦೭, ಮಂಗಳವಾರ

ಪ್ರೀತಿಯ ಪ್ರೇಮಕ್ಕನಿಗೆ,

ನಿನ್ನ ತಂಗಿ ಪಾವನಾಳ ನಮಸ್ಕಾರ. ದಿನಕ್ಕೆರಡು ಸಲ ಫೋನ್ ಮಾಡುವವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಬೈದುಕೊಳ್ಳುತ್ತಿರುತ್ತೀಯ. ಫೋನಿನಲ್ಲಾದರೆ ನೀನು ಕಾಕ್ಕನಾಡಿನ ಫ್ಲಾಟಿನಲ್ಲಿ ನಿಂತ ನಿಲುವಿನಲ್ಲೇ ಅಳಲು ಶುರು ಮಾಡುತ್ತೀಯ, ಭಾವ ಫೋನ್ ಕಿತ್ತುಕೊಂಡು ಏನಾಯ್ತಮ್ಮ ಎನ್ನುತ್ತಾರೆ. ಅದೆಲ್ಲ ಬೇಡ. ನೇರವಾಗಿ ಹೇಳಿಬಿಡುತ್ತೇನೆ. ನನ್ನ ಕಣ್ಣಿಗೆ ಏನೋ ಆಗಿದೆ. ನನಗೆ ತುಂಬ ಭಯವಾಗಿದೆ ಅಕ್ಕ.

ಗೊತ್ತಾದದ್ದು ಆ ಹಾಳು ಕಂಪ್ಯೂಟರಿನಿಂದ. ಜೂನ್‌ನಲ್ಲಿ ತೆಗೆದುಕೊಂಡೆನಲ್ಲ, ಮದುವೆಯಾಗಬೇಕಾದ ಹುಡುಗಿಗೆ ಗೇಮ್ ಆಡುವ ಕಂಪ್ಯೂಟರ್ ಯಾಕೆ, ಒಂದು ಮಿಕ್ಸಿ ತಗೋಬಾರದಾ ಎಂದು ನೀನು ಉಗಿದೆಯಲ್ಲ, ಅದೇ. ಕೈಯಲ್ಲಿದ್ದದ್ದು ಕಡಿಮೆ, ಹಾಗಾಗಿ ಆನ್‌ಬೋರ್ಡ್‌ನದ್ದೇ ಕೊಂಡೆ. ಅಂದರೆ ಚಿತ್ರ ಮೂಡಿಸುವ ಕೆಲಸವನ್ನು ಮದರ್‌ಬೋರ್ಡೇ ಮಾಡಿಕೊಳ್ಳುತ್ತದೆ. ಅದಕ್ಕೆಂದೇ ಬೇರೆ ಕಾರ್ಡ್ ಹಾಕಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆ, ಬೆಲೆಯೂ ಚೆನ್ನಾಗಿ ಏರುತ್ತದೆ.

ನಾನೂ ನನ್ನ ಜೊತೆ ಮನೆ ಹಂಚಿಕೊಂಡಿರುವ ಮಂಗಳೂರಿನ ಗ್ರೇಸಿಯೂ ಭಾನುವಾರ ಪೂರ್ತಿ ಆಡುತ್ತಿದ್ದೆವು. ಸುರಂಗದಲ್ಲಿ ಶತ್ರುಗಳನ್ನು ಹೊಡೆಯುವ ಆಟ. ನಾನು ಒಂದು ನಿಮಿಷದಲ್ಲಿ ಸತ್ತುಹೋಗುತ್ತಿದ್ದೆ. ಎಂಥ ಮಾರಾಯ್ತಿ, ಪಕ್ಕದಲ್ಲೇ ನಿಂತಿದ್ದಾನಲ್ಲ, ಕಾಣುದಿಲ್ವಾ ನಿಂಗೆ ಎಂದು ಗ್ರೇಸಿ ತಲೆಗೆ ಮೊಟಕುತ್ತಿದ್ದಳು. ನಿಜವಾಗಿಯೂ ಕಾಣುತ್ತಿರಲಿಲ್ಲ. ಸುರಂಗವೆಲ್ಲ ಬರೀ ಕಪ್ಪು. ಪರದೆಯ ಮೂಲೆಯಲ್ಲಿ ಶತ್ರು ಎಲ್ಲಿದ್ದಾನೆಂದು ತೋರಿಸುವ ಪುಟ್ಟ ನಕ್ಷೆಯೊಂದಿದೆ, ಅದೂ ಬಂದು ಬಂದು ಹೋಗುತ್ತಿತ್ತು. ಅದರ ಕಡೆಗೇ ತಿರುಗಿದರೆ ಇರುತ್ತಿತ್ತು, ಕಣ್ಣು ತೆಗೆದರೆ ಮಾಯ. ನಾನು ಆನ್‌ಬೋರ್ಡ್‌ಗೆ ಶಾಪ ಹಾಕಿದೆ.

ನಮ್ಮ ಟೀಮಿನ ವಿಲ್ಸನ್ ಅದಕ್ಕೆ ತುಪ್ಪ ಸುರಿದ. ಆನ್‌ಬೋರ್ಡ್ ಅಂದರೆ ಪಕ್ಕದ ಮನೆಯ ಪಾತ್ರೆ ಕಡ ತಂದು ಅಡುಗೆ ಮಾಡಿದ ಹಾಗೆ, ಮೆಮೊರಿ ಅದರದ್ದಲ್ಲ, ಕತ್ತಲೆ ದೃಶ್ಯಗಳನ್ನು ಎಳೆಯಲಿಕ್ಕೆ ಅದರ ಕೈಲಾಗುದಿಲ್ಲ ಎಂದ. ಗ್ರೇಸಿ ಕಾರ್ಡ್ ಬೇಡವೆಂದೇ ಜಗಳಕ್ಕೆ ನಿಂತಳು. ಇದೇ ಕಂಪ್ಯೂಟರಿನಲ್ಲಿ ನನಗೆ ಎಲ್ಲ ಕಾಣ್ತದೆ, ಕಾರ್ಡಿಗೆ ಹಾಕುವ ದುಡ್ಡಿನಲ್ಲಿ ಮಂಚ ತಗೋ, ನೆಲದ ಮೇಲೆ ಮಲಗಿ ಸೊಂಟ ಹೋಗ್ತದೆ ಎಂದಳು. ಕೇಳಿದೆನಾ? ನಿನ್ನ ತಂಗಿಯಲ್ಲವೇ ನಾನು!

ಕಳೆದ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ವಿಲ್ಸನ್ ಬಂದು ಕಾರ್ಡ್ ಕೂರಿಸಿದ. ಮೂವರೂ ಬಿಸಿ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ತಿನ್ನುತ್ತಾ ಕುಳಿತೆವು. ಹೊಸ ಕಾರ್ಡ್, ಅದೇ ಸುರಂಗ. ನನಗೆ ಅದೇ ಕಪ್ಪು. ವಿಲ್ಸನ್‌ಗೆ ಗೋಡೆಯ ಮೇಲಿನ ಪಾಚಿಯೂ ಕಾಣಿಸುತ್ತಿತ್ತು. ಅವನಿಗೆ ಅನುಮಾನ ಬಂದು ಕಾರ್ಡ್ ತೆಗೆದು ಮತ್ತೆ ಆನ್‌ಬೋರ್ಡ್‌ಗೆ ಹಾಕಿ ನೋಡಿದ. ಆಗಲೂ ಅವರಿಬ್ಬರಿಗೂ ಸುರಂಗ ಕಾಣುತ್ತಿತ್ತು, ಪಾಚಿಯೊಂದು ಇಲ್ಲ ಅಷ್ಟೇ.

ಆಗ ಗ್ರೇಸಿ ನನ್ನನ್ನು ನೇರ ಕೂರಿಸಿ, ಪರದೆಯ ನಡುವನ್ನೇ ನೋಡು, ಕಣ್ಣು ಆಡಿಸಬೇಡ ಎಂದಳು. ನಾನು ನಗುತ್ತಲೇ ಕುಳಿತೆ. ಸ್ವಲ್ಪ ಹೊತ್ತಾಯಿತು. ಸರಿ, ಪರೀಕ್ಷೆ ಶುರು ಮಾಡು ಎಂದೆ. ತಿರುಗಿ ನೋಡಿದರೆ ನನ್ನ ಎರಡು ಪಕ್ಕಕ್ಕೂ ಕೈ ಚಾಚಿ ಬೀಸುತ್ತಿದ್ದಳು, ಆಗಿನಿಂದಲೂ ಬೀಸುತ್ತಲೇ ಇದ್ದಳಂತೆ. ವಿಲ್ಸನ್ ತಟ್ಟೆ ಕೆಳಗಿಟ್ಟ.

ಈಗ ಮುಚ್ಚಿಟ್ಟದ್ದನ್ನೆಲ್ಲ ಹೇಳಿಬಿಡುತ್ತೇನೆ, ಬೈಯಬೇಡ. ಸ್ಕೂಟರ್ ಬಿಟ್ಟದ್ದು ಪೆಟ್ರೋಲ್ ದುಬಾರಿ ಎಂದಲ್ಲ. ಮುಸ್ಸಂಜೆಯಲ್ಲಿ ನಿಂತಿದ್ದ ಆಟೋಗೆ ಹೋಗಿ ಗುದ್ದಿದ್ದೆ. ಮೊಣಕಾಲಿನ ಗಾಯ ಬಾತ್‌ರೂಮಿನಲ್ಲಿ ಜಾರಿದ್ದಲ್ಲ, ಕಂಪನಿ ಕ್ಯಾಬ್‌ನ ಮೆಟ್ಟಿಲು ಕಾಣದೆ ಬಿದ್ದದ್ದು. ಪರದೆಯ ಮೇಲೆ ತಪ್ಪು ಹುಡುಕುವುದೇ ನನ್ನ ಕೆಲಸ, ಅದಕ್ಕೇ ಸಂಬಳ. ಬಲ ಅಂಚಿನಲ್ಲಿ ಕೆಂಪು ಅಕ್ಷರದಲ್ಲಿ ಬಂದ ತಪ್ಪನ್ನು ಎರಡು ಸಲ ಬಿಟ್ಟೆನೆಂದು ಟೀಮ್ ಲೀಡ್ ಎಲ್ಲರೆದುರು ಕೇಳಿದ. ನಿದ್ದೆಗೆಟ್ಟಿದ್ದೆ ಎಂದು ಸುಳ್ಳು ಹೇಳಿದೆ.

ನಮ್ಮ ಸಣ್ಣತ್ತೆ ನೆನಪಿದ್ದಾರಲ್ಲ ನಿನಗೆ? ಅಪ್ಪನ ಕೊನೆಯ ತಂಗಿ. ದೀಪ ಹಚ್ಚುವ ಹೊತ್ತಾದರೆ ಕುಳಿತಲ್ಲಿಂದ ಏಳುತ್ತಿರಲಿಲ್ಲ. ಇರುಳುಗಣ್ಣು ಎಂದು ಮನೆಮಂದಿಯೆಲ್ಲ ನುಗ್ಗೆಸೊಪ್ಪು ತಿನ್ನಿಸುತ್ತಿದ್ದರು. ನಲವತ್ತಾಗುವಾಗ ಹಗಲೂ ಹೋಯಿತು. ನಾವಿಬ್ಬರೂ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತು, ಅತ್ತೆಗೆ ನಾವಿರುವುದು ಗೊತ್ತಾಗುತ್ತದೋ ಇಲ್ಲವೋ ಎಂದು ಆಟವಾಡಿದ್ದೆವು. ಥೂ, ಎಂಥ ಮಕ್ಕಳು ನಾವು.

ಬೆಳಿಗ್ಗೆ ಎದ್ದ ಕೂಡಲೇ ಫ್ಯಾನಿನ ರೆಕ್ಕೆ ಮೂರೂ ಇವೆಯಾ ಎಂದು ಎಣಿಸುತ್ತೇನೆ. ಕಣ್ಣು ಮುಚ್ಚಿಕೊಂಡು ಅಡುಗೆಮನೆಗೆ ಎಷ್ಟು ಹೆಜ್ಜೆ ಎಂದು ಲೆಕ್ಕ ಇಟ್ಟಿದ್ದೇನೆ, ಹನ್ನೊಂದು. ಗ್ರೇಸಿ ನೋಡಿ ಗದರಿದಳು, ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು.

ಒಂದೇ ಒಂದು ಬೇಡಿಕೆ. ಈ ಶನಿವಾರ ಮಧ್ಯಾಹ್ನ ಎರಡಕ್ಕೆ ತಿರುವನಂತಪುರದ ಕಣ್ಣಿನ ಡಾಕ್ಟರ ಬಳಿ ಸಮಯ ತೆಗೆದುಕೊಂಡಿದ್ದೇನೆ. ಒಬ್ಬಳೇ ಹೋಗಲು ಧೈರ್ಯವಿಲ್ಲ. ನೀನು ಕೈ ಹಿಡಿದುಕೊಂಡರೆ ಆ ಬಾಗಿಲು ದಾಟುತ್ತೇನೆ. ಎರ್ನಾಕುಲಂನಿಂದ ಬೆಳಗಿನ ರೈಲಿಗೇ ಹತ್ತು, ಭಾವನನ್ನೂ ಕರೆದುಕೊಂಡು ಬಾ. ಅಮ್ಮನಿಗೆ ಈಗಲೇ ಏನೂ ಹೇಳಬೇಡ. ಕೊರಿಯರಿಗೆ ಕೊಡುತ್ತಿದ್ದೇನೆ, ನಾಳೆಯೋ ನಾಡಿದ್ದೋ ನಿನ್ನ ಕೈಗೆ ಸಿಗುತ್ತದೆ.

ನಿನ್ನ ಹಠಮಾರಿ ತಂಗಿ,
ಪಾವನಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕವರು ಅಂಟಿಸಲು ಹೋಗಿ ಕೈ ಬರಲಿಲ್ಲ. ಡಾಕ್ಟರ ಬಳಿ ನಾನು ನಿನ್ನೆಯೇ ರಜೆ ಹಾಕಿ ಒಬ್ಬಳೇ ಹೋಗಿ ಬಂದೆ. ಸಣ್ಣತ್ತೆಯ ಕಾಯಿಲೆಯೇ ಅಕ್ಕ. ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬರುತ್ತದಂತೆ, ಎಷ್ಟು ವರ್ಷದಲ್ಲಿ ಎಂದು ಅವರಿಗೂ ಹೇಳಲಾಗದು, ಔಷಧವಿಲ್ಲ. ನಾನು ಅತ್ತು ಮುಗಿಸುವ ತನಕ ಕಾದು, ಒಡಹುಟ್ಟಿದವರು ಇದ್ದಾರಾ ಎಂದು ಕೇಳಿದರು. ಓಣಂಗೆ ನಾವು ಎರ್ನಾಕುಲಂನಲ್ಲಿ ಮ್ಯಾಟಿನಿಗೆ ಹೋದದ್ದು ಆಗ ನೆನಪಾಯಿತು. ಒಳಗೆ ಕಾಲಿಟ್ಟ ಕೂಡಲೇ ನಾನು ಭಾವನ ತೋಳು ಹಿಡಿದೆ, ನೀನು ನನ್ನ ದುಪಟ್ಟಾ ಹಿಡಿದೆ, ಇಬ್ಬರಿಗೂ ಕತ್ತಲಲ್ಲಿ ಸೀಟು ಕಾಣದೆ ಯಾರದೋ ತೊಡೆಯ ಮೇಲೆ ಕೂರಲು ಹೋಗಿ ನಕ್ಕೆವು. ಜ್ವರ ಬಂದು ಮೂರು ದಿನವಾದರೂ ಡಾಕ್ಟರ ಮನೆ ತುಳಿಯದವಳು ನೀನು, ನನಗೋಸ್ಕರ ಎಂದರೆ ಮಾತ್ರ ಓಡಿ ಬರುತ್ತೀಯ ಎಂದು ಹಾಗೆ ಬರೆದೆ. ಸಂಜೆ ಹೊತ್ತು ಮಗ ಧ್ರುವನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ತೆಗೆಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಶನಿವಾರದ ಚೀಟಿಯಲ್ಲಿ ನಾನು ಬರೆಸಿದ ಹೆಸರು ಪ್ರೇಮಾ ರಾಮದಾಸ, ವಯಸ್ಸು ಮೂವತ್ತೊಂದು. ಬಾ ಅಕ್ಕ.