ಹೂಮಳೆಯವರೆಗೆ

ವಿಜಯನಗರ, ಬೆಂಗಳೂರು
೧೦-೨-೨೦೦೨

ಅತ್ತಿಗೆಗೆ ರುದ್ರೇಶನ ನಮಸ್ಕಾರ.

ಕಾಫಿಪುಡಿ ಅಂಗಡಿಯ ಕೆಲಸ ಒಗ್ಗಿದೆ. ಬಾಗಿಲು ತೆಗೆಯುವ ಮೊದಲೇ ಜನ ಸ್ಟೀಲ್ ಡಬ್ಬಿ ಹಿಡಿದು ಸಾಲಾಗಿ ನಿಂತಿರುತ್ತಾರೆ. ನಿನ್ನೆ ಒಬ್ಬರು ಪೇಪರ್ ತೋರಿಸಿ, "ವಿಯೆಟ್ನಾಂ ಕಾಫಿ ಬಂದು ಲಂಡನ್ನಲ್ಲಿ ರೇಟು ಬಿದ್ದೋಗಿದೆಯಂತೆ. ನಿಮ್ಮ ಪುಡಿ ಯಾಕೆ ಇಳಿದಿಲ್ಲ?" ಎಂದು ಕೇಳಿದರು. ನಮ್ಮ ಸಾಹುಕಾರರು ಡಬ್ಬಿ ತುಂಬುತ್ತಲೇ, "ಹಂಗಾದ್ರೆ ಲಂಡನ್ನಲ್ಲೇ ಪುಡಿ ಮಾಡಿಸ್ಕೊಳ್ಳಿ ಸಾರ್" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಿದ್ದ ರೇಟು ನಮ್ಮ ತೋಟದ್ದು ಎಂದು ಅವರಿಗೆ ಹೇಳಲಿಲ್ಲ.

ಪುಡಿಯ ಧೂಳಿಗೆ ಹತ್ತಿದ್ದ ಕೆಮ್ಮು ವಾಸಿಯಾಗಿದೆ.

ಕಾಫಿ ಗಿಡ ಕಿತ್ತು ಶುಂಠಿ ಹಾಕುತ್ತೇನೆಂದು ಅಣ್ಣ ಬರೆದಿದ್ದಾನೆ. ಈ ಬೆಲೆಯಲ್ಲಿ ಅವನನ್ನು ತಪ್ಪು ಅನ್ನುವಂತಿಲ್ಲ. ಆದರೂ ಹಳ್ಳದ ಪಕ್ಕದ ಗಿಡಗಳನ್ನು ನೀವು ಮದುವೆಯಾಗಿ ಬಂದ ವರ್ಷ ನಾವು ಮೂವರೂ ಸೇರಿ ನೆಟ್ಟಿದ್ದೆವು. ಹುರಿದ ಬೀಜದ ವಾಸನೆ ನನ್ನ ಅಂಗಿ ಬಿಟ್ಟು ಹೋಗುವುದೇ ಇಲ್ಲ, ಮನಸ್ಸು ಮಾತ್ರ ಆ ಗಿಡಗಳ ಹೂವಿನ ವಾಸನೆ ಕೇಳುತ್ತದೆ. ಮಾರ್ಚಿನ ಹೂಮಳೆ ಬೀಳುವವರೆಗಾದರೂ ಅವನು ಗುದ್ದಲಿ ಮುಟ್ಟದಂತೆ ನೋಡಿಕೊಳ್ಳಿ. ತೋಟ ಬೆಳ್ಳಗೆ ಅರಳಿ ನಿಂತ ಮೇಲೆ ಕೀಳಲು ಅವನಿಗೂ ಕೈ ಬಾರದು.

ಕಾರ್ಡಿನಲ್ಲಿ ಜಾಗವಿಲ್ಲ.
ರುದ್ರೇಶ