ಒರೆಸಿದ ಕೊಂಬು

ಬಳ್ಳಾರಿ, 1889

ಎರ್ರಣ್ಣ,

ನೀನೀಗ ಯಾವ ಊರಿನಲ್ಲಿದ್ದೀಯೋ ತಿಳಿಯದು. ಹಾಗಾಗಿ ಇದು ಅಂಚೆಗೆ ಹೋಗುವುದಿಲ್ಲ.

ನಿನ್ನೆ ಕುರುಗೋಡಿಗೆ ಹೋಗಿದ್ದೆ. ಈ ಮಾಸ್ತರನ ಕಾಲು ಇನ್ನೂ ಗಟ್ಟಿ. ಕೋಟೆಯ ಗುಡ್ಡವನ್ನು ಎಲ್ಲಿಯೂ ಕೂರದೆ ಹತ್ತಿ ಇಳಿದೆ. ಕೆಳಗೆ ಪಾಳುಗೋಡೆಗಳ ನಡುವೆ ಮುದುಕಿಯೊಬ್ಬಳು ಕುಳ್ಳು ತಟ್ಟುತ್ತಿದ್ದಳು. ಇದೇನೆಂದು ಕೇಳಿದೆ.

"ಇದು ನಗರು ರೀ. ನೀವು ಅರಮನಿ ಅಂತೀರಿ, ನಾವು ತೆಲುಗಿನೋರು ನಗರು ಅಂತೀವಿ."

ನಾವಿಬ್ಬರೂ ಒಟ್ಟಿಗೆ ಓದುತ್ತಿದ್ದಾಗ ಶಾಲೆಯಲ್ಲಿ ನೀನು ಪಾಟಿಯ ಮೇಲೆ "ನಮ್ಮವ್ವ ಹುಟ್ಟಿದ್ದು ಕುರುಗೋಡಿನ ನಗರು" ಎಂದು ಬರೆದಿದ್ದೆ. ನಾನು ಹೆಬ್ಬೆರಳಿನಿಂದ ಕೊನೆಯ ಕೊಂಬನ್ನು ಒರೆಸಿ ನಗರ ಮಾಡಿದೆ. "ಕುರುಗೋಡು ಯಾವಾಗ ನಗರ ಆತಲೇ, ಸುಳ್ಳುಬುರುಕ?" ಎಂದೆ. ಎಲ್ಲರೂ ನಕ್ಕರು. ಮರುದಿನದಿಂದ ನೀನು ಬರಲಿಲ್ಲ.

ಇಪ್ಪತ್ತು ವರ್ಷದಿಂದ ಮಕ್ಕಳ ತಪ್ಪು ತಿದ್ದುತ್ತಿದ್ದೇನೆ. ನಾನು ತಿದ್ದಿದ್ದನ್ನು ಯಾರೂ ಪ್ರಶ್ನಿಸಿಲ್ಲ.

ನಿಮ್ಮವ್ವನನ್ನು ಬಲ್ಲಳೇ ಎಂದು ಮುದುಕಿಯನ್ನು ಕೇಳಲು ಬಾಯಿ ತೆರೆದೆ. ನಿಮ್ಮವ್ವನ ಹೆಸರೇ ನನಗೆ ಗೊತ್ತಿರಲಿಲ್ಲ. ನಿನ್ನನ್ನು ನಾನು ಎಂದೂ ಕೇಳಿರಲಿಲ್ಲ.

ಇಂದು ಬೆಳಗ್ಗೆ ಶಾಲೆಯ ಹಲಗೆಯ ಮೇಲೆ ದೊಡ್ಡದಾಗಿ 'ನಗರು' ಎಂದು ಬರೆದೆ. ಮಾಸ್ತರರೇ ತಪ್ಪು ಬರೆದರೆಂದು ಮಕ್ಕಳೆಲ್ಲ ನಕ್ಕರು.

ಒರೆಸಲಿಲ್ಲ.

ಹನುಮೇಶ